ನುಸಿಗೆ ಸುಗಂಧ ತೈಲ: ಏನು ಬೇಕು, ಹೇಗೆ ಕಲಸಬೇಕು, ಎಲ್ಲಿ ಎಡವುತ್ತೇವೆ

ಫೆಬ್ರವರಿ ಕಳೆದು ಸೆಕೆ ಏರಿದರೆ ಸಾಕು, ಬದಿಯಡ್ಕ, ಪೆರ್ಲ, ಮಂಜೇಶ್ವರದ ಕಡೆಯಿಂದ ಒಂದೇ ಪ್ರಶ್ನೆ ಬರುತ್ತದೆ. ಗದ್ದೆಯಲ್ಲಿ ಹಾಕಿದ ಬೆಂಡೆ, ಅಲಸಂಡೆಯ ಎಲೆ ಬಿಳಿಚಿಕೊಂಡಿದೆ, ಅಡಿಯಲ್ಲಿ ಬಲೆ ಕಟ್ಟಿದೆ, ಮಜ್ಜಿಗೆಹುಲ್ಲಿನ ಎಣ್ಣೆ ಬಿಟ್ಟರೆ ಹೋಗ್ತದಾ? ಲವಂಗದೆಣ್ಣೆ ಆಗ್ತದಾ? ಎಷ್ಟು ಹಾಕಬೇಕು?

ಹೋಗ್ತದೆ. ಆದರೆ ಈ ಎಣ್ಣೆಗಳ ಸ್ವಭಾವ ಗೊತ್ತಿಲ್ಲದೆ ಬಿಟ್ಟರೆ ನುಸಿ ಉಳಿದು ಗಿಡ ಹೋಗುವುದೂ ಉಂಟು. ಸುಗಂಧ ತೈಲ ಮೈಗೆ ತಾಗಿದ ನುಸಿಯನ್ನು ಮಾತ್ರ ಕೊಲ್ಲುತ್ತದೆ. ಒಂದೆರಡು ದಿನದಲ್ಲಿ ಆವಿಯಾಗಿ ಹೋಗುತ್ತದೆ. ಗಿಡದ ಒಳಗೆ ಇಳಿದು ಕಾಯುವ ಮದ್ದು ಇದಲ್ಲ. ಇಡೀ ತೋಟ ಘಮ್ಮೆಂದರೂ ಎಲೆಯ ಅಡಿ ಒಣಗಿಯೇ ಇದ್ದರೆ ನುಸಿಗೆ ಏನೂ ಆಗುವುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯವರಿಗೆ ರಾಸಾಯನಿಕದ ಭಯ ಯಾಕೆ ಎಂದು ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 2000ದವರೆಗೂ ನಡೆದಿತ್ತು. ಎಣ್ಮಕಜೆ, ಪಡ್ರೆಯ ಕಡೆ ಅದರ ನೋವು ಇನ್ನೂ ಮನೆಮನೆಯಲ್ಲಿದೆ. ನುಸಿಯ ವಿಷಯದಲ್ಲಿ ಇನ್ನೊಂದು ಕಾರಣವೂ ಉಂಟು. ಎಲ್ಲವನ್ನೂ ಕೊಲ್ಲುವ ಕೀಟನಾಶಕ ಬಿಟ್ಟರೆ ನುಸಿಯನ್ನು ತಿನ್ನುವ ಜೀವಿಗಳೇ ಮೊದಲು ಸಾಯುತ್ತವೆ. ಆಮೇಲೆ ನುಸಿ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ. ಬೆಂಡೆ, ಅಲಸಂಡೆಯಲ್ಲಿ ಬಲೆ ಕಟ್ಟುವ ಚುಕ್ಕೆ ನುಸಿಯಂತೂ ಮದ್ದಿಗೆ ಒಗ್ಗಿಕೊಳ್ಳುವುದರಲ್ಲಿ ಜಗತ್ತಿಗೇ ಹೆಸರುವಾಸಿ. 90ಕ್ಕೂ ಜಾಸ್ತಿ ರಾಸಾಯನಿಕಗಳನ್ನು ಅದು ಒಂದಲ್ಲ ಒಂದು ಕಡೆ ಅರಗಿಸಿಕೊಂಡಿದೆ.

ಬೇಕಾಗುವ ವಸ್ತು ಇಷ್ಟು: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಹಾಳೆ ಬಿಳಿ ಕಾಗದ, ಸುಗಂಧ ತೈಲದ ಚಿಕ್ಕ ಬಾಟ್ಲಿ, ಬಟ್ಟೆ ಒಗೆಯುವ ಬಾರ್ ಸೋಪು, ಮೆಡಿಕಲ್ ಅಂಗಡಿಯ ಸೂಜಿ ಇಲ್ಲದ ಸಿರಿಂಜು, ಮುಚ್ಚಳ ಇರುವ ಗಾಜಿನ ಬಾಟ್ಲಿ, ನಳಿಗೆಯ ತುದಿ ಮೇಲ್ಮುಖ ಮಾಡಲು ಆಗುವ ಪಂಪು. ಕೈಗವಸು, ಕನ್ನಡಕವೂ ಇರಲಿ.

1. ನುಸಿಯೇ ಹೌದಾ, ಮೊದಲು ನೋಡಿ

ಬಿಳಿ ಕಾಗದವನ್ನು ಎಲೆಯ ಅಡಿಗೆ ಹಿಡಿದು ಎಲೆಯನ್ನು ನಾಲ್ಕು ಸಲ ತಟ್ಟಿ. ಕಾಗದದ ಮೇಲೆ ಬಿದ್ದ ಧೂಳಿನ ಕಣ ಮೆಲ್ಲಗೆ ನಡೆಯತೊಡಗಿದರೆ ಅದು ನುಸಿ. ಭೂತಗನ್ನಡಿಯಲ್ಲಿ ಎಂಟು ಕಾಲು ಕಾಣುತ್ತದೆ. ಅದು ಹುಳವಲ್ಲ, ಜೇಡನ ಬಳಗದ್ದು. ಹುಳಕ್ಕೆ ಬಿಡುವ ಎಷ್ಟೋ ಮದ್ದು ಇದಕ್ಕೆ ತಾಗದಿರಲು ಅದೂ ಒಂದು ಕಾರಣ.

ಬೆಂಡೆ, ಬದನೆ, ಅಲಸಂಡೆಯಲ್ಲಿ ಕಾಣುವುದು ಬಲೆ ಕಟ್ಟುವ ಜಾತಿ. ಎಲೆಯ ಮೇಲೆ ಸೂಜಿ ಚುಚ್ಚಿದಂತಹ ಬಿಳಿ ಚುಕ್ಕೆ, ಅಡಿಯಲ್ಲಿ ನವಿರಾದ ಬಲೆ. ಅರ್ಧ ಮಿಲಿಮೀಟರ್ ಉದ್ದ ಇರುವುದರಿಂದ ಕಣ್ಣು ಚುರುಕಾಗಿದ್ದವರಿಗೆ ಬರಿಗಣ್ಣಿಗೂ ಕಾಣುತ್ತದೆ.

ಮೆಣಸಿನದು ಬೇರೆ ಕತೆ. ಅದರ ಹಳದಿ ನುಸಿ ಕಣ್ಣಿಗೆ ಕಾಣುವುದೇ ಇಲ್ಲ, ಬಲೆಯನ್ನೂ ಕಟ್ಟುವುದಿಲ್ಲ. ಕುಡಿ ಎಲೆ ಕೆಳಮುಖವಾಗಿ ಮುರುಟಿ, ತೊಟ್ಟು ಉದ್ದವಾಗಿದ್ದರೆ ಅದು ನುಸಿಯ ಕೆಲಸ. ಎಲೆ ಮೇಲ್ಮುಖವಾಗಿ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳದ್ದು. ಈ ಎರಡನ್ನು ಅದಲು ಬದಲು ಮಾಡಿಕೊಂಡು ಎಣ್ಣೆಯನ್ನು ಬೈಯುವವರು ಬಹಳ ಜನ. ಎಲೆಯಲ್ಲಿ ಹಳದಿ ಹಸಿರು ಮಚ್ಚೆ ಸೇರಿಕೊಂಡಿದ್ದರೆ ವೈರಸ್ ಇರಬಹುದು. ವೈರಸ್ಸಿಗೆ ಯಾವ ಎಣ್ಣೆಯೂ ಮದ್ದಲ್ಲ. ಅಂಥ ಗಿಡ ಕಿತ್ತು ತೆಗೆಯಿರಿ.

2. ಯಾವ ಎಣ್ಣೆ?

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ಬೇವಿನ ಎಣ್ಣೆ, ಹೊಂಗೆ ಎಣ್ಣೆ ಸುಗಂಧ ತೈಲಗಳಲ್ಲ. ಅವು ಬೀಜ ಹಿಂಡಿ ತೆಗೆದ ಜಿಡ್ಡೆಣ್ಣೆ. ಆವಿಯಾಗುವುದಿಲ್ಲ, ಎಲೆಯ ಮೇಲೆ ಪದರವಾಗಿ ಕೂರುತ್ತವೆ. ಸುಗಂಧ ತೈಲ ಅಂದರೆ ಎಲೆ, ಮೊಗ್ಗು, ತೊಗಟೆಯ ಮೂಲಕ ಉಗಿ ಹಾಯಿಸಿ, ಆ ಉಗಿಯನ್ನು ತಣಿಸಿದಾಗ ನೀರಿನಿಂದ ಬೇರೆಯಾಗಿ ಸಿಗುವ ಎಣ್ಣೆ. ಮಜ್ಜಿಗೆಹುಲ್ಲು, ಲವಂಗ, ದಾಲ್ಚಿನ್ನಿ, ನೀಲಗಿರಿ, ಪುದೀನಾ, ರೋಸ್‌ಮೆರಿ, ಸಿಟ್ರೊನೆಲ್ಲಾ ಎಲ್ಲ ಈ ಗುಂಪಿನವು. ಇವು ನುಸಿಯ ನರಗಳನ್ನು ಕೆಡಿಸುತ್ತವೆ. ಕೆಲವಕ್ಕೆ ಮೊಟ್ಟೆ ಇಡದಂತೆ ಓಡಿಸುವ ಗುಣವೂ ಇದೆ. ಮೊಟ್ಟೆಯ ಮೇಲೆ ಮಾತ್ರ ಇವುಗಳ ಪ್ರಭಾವ ಕಡಿಮೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರದೇಶಗಳಲ್ಲಿ ನುಸಿಗೆಂದೇ ಮಾರುವ ಸುಗಂಧ ತೈಲದ ಮದ್ದುಗಳಲ್ಲಿ ರೋಸ್‌ಮೆರಿ ಎಣ್ಣೆ ಮುಖ್ಯವಾದದ್ದು. ನಮಗೆ ಅದು ದುಬಾರಿ. ನಾನಾದರೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನೇ ಆರಿಸುತ್ತೇನೆ. ಇದು ಕೇರಳದ ಹಳೆ ಸರಕು. ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಿಂದ ಇದಕ್ಕಾಗಿ ಸಂಶೋಧನಾ ಕೇಂದ್ರವೇ ಇದೆ. 'ಸುಗಂಧಿ' ಎಂಬ ತಳಿ ಬಂದದ್ದು ಅಲ್ಲಿಂದ.

ಲವಂಗದೆಣ್ಣೆ ಜೋರು. ನುಸಿಗೂ ಜೋರು, ಗಿಡಕ್ಕೂ ಜೋರು. ಇದೇ ಎಣ್ಣೆಯನ್ನು ಗಟ್ಟಿಯಾಗಿ ಕಲಸಿ ಸಾವಯವ ಕಳೆನಾಶಕ ಎಂದು ಮಾರುತ್ತಾರೆ. ದಾಲ್ಚಿನ್ನಿಯೂ ಹೆಚ್ಚುಕಮ್ಮಿ ಹಾಗೇ.

ಕೊಳ್ಳುವಾಗ ಅಗರಬತ್ತಿಗೆ, ಕೋಣೆಗೆ ಪರಿಮಳ ಹಾಕಲು ಮಾಡಿದ್ದು ಬೇಡ. ಅದರಲ್ಲಿ ಎಣ್ಣೆಗಿಂತ ಬೇರೆಯದೇ ಜಾಸ್ತಿ. ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ಮರುದಿನ ನೋಡಿ. ಶುದ್ಧ ಮಜ್ಜಿಗೆಹುಲ್ಲಿನ ಎಣ್ಣೆ ಬಹುಪಾಲು ಆರಿ ಹೋಗಿರುತ್ತದೆ. ಹಪ್ಪಳ ಇಟ್ಟ ಪೇಪರಿನ ಹಾಗೆ ಜಿಡ್ಡಿನ ಮಚ್ಚೆ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ ಎಂದರ್ಥ.

"ಅಂಗಳದಲ್ಲೇ ಮಜ್ಜಿಗೆಹುಲ್ಲು ಇದೆ, ಕುದಿಸಿ ಕಷಾಯ ಬಿಟ್ಟರೆ ಸಾಲದಾ?" ಸಾಲದು. ನೂರು ಕಿಲೋ ಹಸಿ ಹುಲ್ಲಿನಲ್ಲಿ ಸಿಗುವ ಎಣ್ಣೆಯೇ ಅರ್ಧ ಕಿಲೋಗಿಂತ ಕಡಿಮೆ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದೂ ಉಗಿಯ ಜೊತೆ ಹೋಗುತ್ತದೆ. ಅಡುಗೆಮನೆಗೆ ಪರಿಮಳ, ಗಿಡಕ್ಕೆ ಬರೀ ಬಿಸಿನೀರು.

3. ಎಣ್ಣೆಗಿಂತ ಮೊದಲು ನೀರು

ಮದ್ದು ಬಿಡುವ ಹಿಂದಿನ ದಿನ ಎರಡು ಕೆಲಸ ಮಾಡಿ. ತೀರಾ ಕೆಟ್ಟ ಎಲೆಗಳನ್ನು ಚಿವುಟಿ ಚೀಲಕ್ಕೆ ಹಾಕಿ ಸುಟ್ಟುಬಿಡಿ. ಸಾಲಿನ ಮಧ್ಯೆ ಬಿಸಾಡಿದರೆ ನುಸಿ ನಡೆದು ವಾಪಸ್ ಬರುತ್ತದೆ. ಆಮೇಲೆ ಪೈಪಿನ ಬಾಯಿಗೆ ಬೆರಳು ಒತ್ತಿ ಎಲೆಗಳ ಅಡಿಗೆ ಜೋರಾಗಿ ನೀರು ಹೊಡೆಯಿರಿ. ಬಲೆ ಹರಿಯಬೇಕು. ಬಲೆ ಹಾಗೇ ಇದ್ದರೆ ಮದ್ದಿನ ಹನಿ ಅದರ ಮೇಲೆ ಕೂರುತ್ತದೆ, ನುಸಿ ಒಳಗೆ ಹಾಯಾಗಿರುತ್ತದೆ.

ಹತ್ತು ಹದಿನೈದು ಗಿಡದ ಮನೆ ತೋಟವಾದರೆ, ಎರಡು ಮೂರು ದಿನಕ್ಕೊಮ್ಮೆ ಹೀಗೆ ನೀರು ಹೊಡೆಯುವುದರಲ್ಲೇ ಹತೋಟಿಗೆ ಬರಬಹುದು. ಹಾಗಾದರೆ ಎಣ್ಣೆಗೆ ದುಡ್ಡು ಹಾಕುವುದು ಯಾಕೆ, ಅಲ್ವಾ?

ಬುಡಕ್ಕೂ ನೀರು ಕೊಡಿ. ಬಾಡಿದ ಗಿಡದ ಮೇಲೆ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ.

4. ಕಲಸುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲೇ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಸುಮ್ನೆ ಟ್ಯಾಂಕಿಗೆ ಸುರಿದು ಕಲಕಿದರೆ ಮಜ್ಜಿಗೆಹುಲ್ಲಿನ ಎಣ್ಣೆ ತೇಲುತ್ತದೆ, ಲವಂಗದೆಣ್ಣೆ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ. ಪಂಪು ನೀರು ಎಳೆಯುವುದು ಟ್ಯಾಂಕಿನ ತಳದಿಂದ. ಹಾಗಾಗಿ ಲವಂಗದೆಣ್ಣೆಯಾದರೆ ಮೊದಲ ನಾಲ್ಕು ಗಿಡಕ್ಕೆ ಬರೀ ಎಣ್ಣೆ ಬಿದ್ದು ಕರಕಲಾಗುತ್ತವೆ. ಮಜ್ಜಿಗೆಹುಲ್ಲಿನದಾದರೆ ಕೊನೆಯ ಸಾಲಿಗೆ ಆ ಗತಿ. ಮಧ್ಯದ ಸಾಲುಗಳಿಗೆ ಸಿಗುವುದು ಬರೀ ನೀರು.

ಇದಕ್ಕೇ ಸೋಪು ಬೇಕು. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ಹರಡಿ ಹಿಡಿದಿಡುತ್ತದೆ. ಹಾಲಿನಂಥ ಈ ಮಿಶ್ರಣಕ್ಕೆ ಎಮಲ್ಷನ್ ಎನ್ನುತ್ತಾರೆ.

10 ಲೀಟರ್ ಮದ್ದಿಗೆ ಹೀಗೆ ಮಾಡಿ:

50 ಗ್ರಾಂ ಬಾರ್ ಸೋಪು ತುರಿದು ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಆರಲು ಬಿಡಿ. ಇದರಿಂದ 200 ಎಂ.ಎಲ್. ತೆಗೆದು ಗಾಜಿನ ಬಾಟ್ಲಿಗೆ ಹಾಕಿ. ಸಿರಿಂಜಿನಲ್ಲಿ ಅಳೆದು ಎಣ್ಣೆ ಸೇರಿಸಿ. ಮಜ್ಜಿಗೆಹುಲ್ಲು ಅಥವಾ ರೋಸ್‌ಮೆರಿಯಾದರೆ 20 ಎಂ.ಎಲ್. ಲವಂಗ, ದಾಲ್ಚಿನ್ನಿಯಾದರೆ 10 ಎಂ.ಎಲ್. ಮಾತ್ರ. ಮುಳ್ಳುಸೌತೆ, ಹಾಗಲದಂತಹ ಮೆತ್ತನೆ ಎಲೆಯ ಬಳ್ಳಿಗೆ ಇದರಲ್ಲೂ ಅರ್ಧ. ಮುಚ್ಚಳ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಕುಲುಕಿ. ಹಾಲಿನ ಬಣ್ಣ ಬರಬೇಕು. ಹತ್ತು ನಿಮಿಷ ಇಟ್ಟಾಗ ಮೇಲೆ ಎಣ್ಣೆಯ ಉಂಗುರವಾಗಲಿ, ತಳದಲ್ಲಿ ಎಣ್ಣೆಯಾಗಲಿ ಕಾಣಬಾರದು. ಕಂಡರೆ ಇನ್ನಷ್ಟು ಸೋಪು ನೀರು ಹಾಕಿ ಮತ್ತೆ ಕುಲುಕಿ. ಸರಿಯಾದ ಮೇಲೆ ಟ್ಯಾಂಕಿನ ನೀರಿಗೆ ಸೇರಿಸಿ ಅದೇ ದಿನ ಬಿಟ್ಟು ಮುಗಿಸಿ.

ನನಗೆ ಹೆಚ್ಚು ಒಪ್ಪಿಗೆಯಾದ ಕ್ರಮ ಇನ್ನೊಂದು: 10 ಲೀಟರಿಗೆ 50 ಎಂ.ಎಲ್. ಬೇವಿನ ಎಣ್ಣೆ, 10 ಎಂ.ಎಲ್. ಮಜ್ಜಿಗೆಹುಲ್ಲಿನ ಎಣ್ಣೆ, 250 ಎಂ.ಎಲ್. ಸೋಪು ನೀರು. ಬೇವಿನ ಎಣ್ಣೆ ಎಲೆಯ ಮೇಲೆ ಉಳಿಯುತ್ತದೆ, ಸುಗಂಧ ತೈಲ ಅಷ್ಟು ಬೇಗ ಹಾರಿ ಹೋಗುವುದಿಲ್ಲ, ಖರ್ಚೂ ಕಡಿಮೆ.

ಸೋಪಿನ ಬದಲು ಡಿಟರ್ಜೆಂಟ್ ಪುಡಿ ಬೇಡ. ಅದರ ಖಾರಕ್ಕೇ ಎಲೆ ಸುಡುತ್ತದೆ. ಅಂಟುವಾಳದ ನೊರೆ ಆಗುತ್ತದೆ, ಆದರೆ ಅದರ ಶಕ್ತಿ ಪ್ರತಿ ಸಲ ಒಂದೇ ಥರ ಇರುವುದಿಲ್ಲ. ಹತ್ತು ನಿಮಿಷದ ಪರೀಕ್ಷೆ ತಪ್ಪಿಸಬೇಡಿ.

ನೀರಿನ ಗುಣವೂ ಮುಖ್ಯ. ನಮ್ಮ ಕಡೆಯ ಸುರಂಗದ ನೀರು, ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ, ಕುಂಬಳೆ ಉಪ್ಪಳದ ಕಡಲ ಬದಿಯಲ್ಲಿ ಬೇಸಗೆಗೆ ಉಪ್ಪಾಗುವ ಬಾವಿ ನೀರಿನಲ್ಲಿ ಸೋಪು ಒಡೆದು ಬಿಳಿ ಗಸಿಯಾಗಿ ಪಂಪಿನ ಬಾಯಿ ಕಟ್ಟುತ್ತದೆ.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿಟ್ಟ ಪಂಪನ್ನೇ ಇದಕ್ಕೆ ತರುವುದಾದರೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಅದರ ಸುಣ್ಣ ಉಳಿದಿದ್ದರೂ ಸೋಪು ಹೀಗೆಯೇ ಒಡೆಯುತ್ತದೆ.

5. ನಾಲ್ಕು ಎಲೆಯ ಮೇಲೆ ಪರೀಕ್ಷೆ

ಮೇಲೆ ಹೇಳಿದ ಅಳತೆ ಹುಷಾರಾಗಿ ಶುರು ಮಾಡುವವರಿಗೆ. ಒಂದೇ ಹೆಸರಿನ ಎಣ್ಣೆಯಲ್ಲೂ ಬಾಟ್ಲಿಯಿಂದ ಬಾಟ್ಲಿಗೆ ಸತ್ವ ಬೇರೆ. ಬೆಳೆಯಿಂದ ಬೆಳೆಗೆ ತಾಳಿಕೆಯೂ ಬೇರೆ. ಆದ್ದರಿಂದ ಒಂದೆರಡು ಗಿಡದ ನಾಲ್ಕು ಎಲೆಗೆ ಬಿಟ್ಟು ಎರಡು ದಿನ ಕಾಯಿರಿ. ಒಂದು ಎಳೆ ಕುಡಿಯೂ ಅದರಲ್ಲಿರಲಿ. ಎಲೆ ಅಂಚು ಕಂದಿದರೆ, ನೀರು ಹಿಡಿದಂತೆ ಮಚ್ಚೆ ಬಂದರೆ ಎಣ್ಣೆಯನ್ನು ಅರ್ಧಕ್ಕೆ ಇಳಿಸಿ. "ನುಸಿ ಜಾಸ್ತಿ ಇದೆ, ಸ್ವಲ್ಪ ಜಾಸ್ತಿಯೇ ಹಾಕೋಣ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಗಂಧಕ ಬಿಟ್ಟ ಗಿಡಕ್ಕೆ ಮೂರು ವಾರ ಯಾವ ಎಣ್ಣೆಯೂ ಬೇಡ. ನುಸಿಗೆ ನೀರಿನಲ್ಲಿ ಕದಡುವ ಗಂಧಕ ಬಿಡುವವರು ಬಹಳ ಜನ ಇದ್ದಾರೆ. ಅದರ ಮೇಲೆ ಎಣ್ಣೆ ಬಿದ್ದರೆ ಎಲೆ ಸುಟ್ಟು ಉದುರುತ್ತದೆ.

6. ಮದ್ದು ಬಿಡುವುದು

ಸಂಜೆ ಬಿಸಿಲು ಇಳಿದ ಮೇಲೆ ಬಿಡಿ. ಏಪ್ರಿಲ್‌ನ ಹಗಲಲ್ಲಿ ಬಿಟ್ಟರೆ ಎಲೆಯೂ ಸುಡುತ್ತದೆ, ಎಣ್ಣೆಯೂ ನುಸಿಗೆ ತಾಗುವ ಮೊದಲೇ ಹಾರುತ್ತದೆ. ಜೇನು ಗೂಡಿಗೆ ಮರಳುವುದೂ ಆ ಹೊತ್ತಿಗೇ. ಹೂವಿನ ಮೇಲೆ ನೇರವಾಗಿ ಬಿಡಬೇಡಿ. ಪೆಟ್ಟಿಗೆ ಜೇನು ಸಾಕಿದವರು ಇದನ್ನು ಎರಡು ಸಲ ಓದಿ.

ನಳಿಗೆಯನ್ನು ಗಿಡದ ಬುಡದ ಕಡೆಯಿಂದ ಮೇಲ್ಮುಖ ಹಿಡಿದು ಎಲೆಯ ಅಡಿಗೆ ಬಿಡಿ. ಮೇಲ್ಭಾಗ ಆಮೇಲೆ. ಎಲೆ ತುದಿಯಿಂದ ಹನಿ ಇಳಿಯತೊಡಗಿದರೆ ಸಾಕು. ಅಲ್ಲಲ್ಲಿ ಎಲೆ ಮಗುಚಿ ನೋಡಿ. ಅಡಿ ಒದ್ದೆಯಾಗಿಲ್ಲ ಎಂದಾದರೆ ಮಾಡಿದ ಕೆಲಸ ದಂಡ. ಮೆಣಸಿಗೆ ಕುಡಿಯ ಒಳಗೆ ಹೋಗುವಂತೆ ಬಿಡಬೇಕು, ಆ ನುಸಿ ಇರುವುದೇ ಅಲ್ಲಿ. ನಡುನಡುವೆ ಟ್ಯಾಂಕನ್ನು ಅಲುಗಾಡಿಸುತ್ತಿರಿ.

ಗಿಡದಿಂದ ಬಂದದ್ದು ಎಂದು ಉದಾಸೀನ ಬೇಡ. ಲವಂಗ, ದಾಲ್ಚಿನ್ನಿ ಎಣ್ಣೆ ಚರ್ಮ ಉರಿಸುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ನೀಲಗಿರಿ ಎಣ್ಣೆ ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಆಸ್ಪತ್ರೆಗೆ ಓಡಬೇಕು. ಈ ಎಣ್ಣೆಗಳು ಬೆಂಕಿಯನ್ನೂ ಬೇಗ ಹಿಡಿಯುತ್ತವೆ. ಒಲೆ ಹತ್ತಿರ ಕಲಸಬೇಡಿ.

ತರಕಾರಿ ಕೊಯ್ಯುವುದಾದರೆ ಮೊದಲು ಕೊಯ್ದು, ಆಮೇಲೆ ಮದ್ದು ಬಿಡಿ. ಮುಂದಿನ ಕೊಯ್ಲಿಗೆ ನಾಲ್ಕೈದು ದಿನ ಅಂತರ ಇರಲಿ, ಚೆನ್ನಾಗಿ ತೊಳೆಯಿರಿ. ಹರಿವೆ, ಬಸಳೆ, ವೀಳ್ಯದೆಲೆಗೆ ಸುಗಂಧ ತೈಲ ಬೇಡವೇ ಬೇಡ ಎನ್ನುತ್ತೇನೆ. ಎಲೆಯನ್ನೇ ತಿನ್ನುವ ಬೆಳೆಗೆ ವಾಸನೆ ಹಿಡಿದರೆ ಯಾರಿಗೂ ಬೇಡವಾಗುತ್ತದೆ.

7. ಮತ್ತೆ ಯಾವಾಗ?

ಮೊಟ್ಟೆಯ ಮಾತು ಇಲ್ಲಿ ಬರುತ್ತದೆ. ನಮ್ಮ ಬೇಸಗೆಯಲ್ಲಿ ಚುಕ್ಕೆ ನುಸಿ ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆ ಇಡಲು ಒಂದು ವಾರ ಹತ್ತು ದಿನ ಸಾಕು. ಇವತ್ತು ದೊಡ್ಡವು ಸತ್ತರೂ ಮೊಟ್ಟೆ ಉಳಿದಿರುತ್ತದೆ. ಹಾಗಾಗಿ ಐದು ದಿನ ಬಿಟ್ಟು ಎರಡನೇ ಸಲ, ಮತ್ತೆ ಐದು ದಿನ ಬಿಟ್ಟು ಮೂರನೇ ಸಲ. ಒಂದೇ ಸಲ ಬಿಟ್ಟು "ಎಣ್ಣೆಯಿಂದ ಏನೂ ಆಗಲಿಲ್ಲ" ಎನ್ನುವವರೇ ಹೆಚ್ಚು.

ಕಣ್ಣಂದಾಜು ಸಾಲದು. ಬಿಡುವ ಮೊದಲು ಬೇರೆ ಬೇರೆ ಗಿಡದ ಹತ್ತು ಎಲೆಯಲ್ಲಿ ನುಸಿ ಎಣಿಸಿ ಬರೆದಿಡಿ. ಬಿಟ್ಟ ಮರುದಿನ ಮತ್ತೆ ಎಣಿಸಿ. ಸೂಜಿಯ ತುದಿಯಿಂದ ಮುಟ್ಟಿದಾಗ ಕಾಲು ಆಡಿಸಿದರೆ ಅದು ಬದುಕಿದೆ. ಎಲೆಯ ಬಿಳಿ ಚುಕ್ಕೆ ಹೋಗಲಿಲ್ಲ ಎಂದು ಚಿಂತೆ ಬೇಡ. ನುಸಿ ಹೀರಿದ ಜಾಗ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರನ್ನು ನೋಡಿ.

ಸಾಸಿವೆ ಕಾಳಿಗಿಂತ ಚಿಕ್ಕ, ಕಪ್ಪಗೆ ಹೊಳೆಯುವ ಗುಲಗಂಜಿ ಹುಳ ಎಲೆಯ ಅಡಿ ಓಡಾಡುತ್ತಿದ್ದರೆ ಒಂದು ವಾರ ಮದ್ದು ತಡೆದು ಕಾಯಿರಿ. ಅದು ನುಸಿಯನ್ನೇ ತಿಂದು ಬದುಕುವ ಹುಳ. ಎಣ್ಣೆ ತಾಗಿದರೆ ಅದೂ ಸಾಯುತ್ತದೆ. ಮೂರು ಸಲ ಬಿಟ್ಟ ಮೇಲೂ ಎಣಿಕೆ ಇಳಿಯದಿದ್ದರೆ ನಾಲ್ಕನೇ ಸಲಕ್ಕೆ ಎಣ್ಣೆ ತರಬೇಡಿ. ಎಲೆ ಸಮೇತ ಕೃಷಿ ಭವನಕ್ಕೆ ಹೋಗಿ ತೋರಿಸಿ.

ಅಡಿಕೆ, ತೆಂಗಿನವರ ಪ್ರಶ್ನೆ

ಅಡಿಕೆಯ ಸಸಿ ಮಡಿಯಲ್ಲಿ, ಎಳೆ ಗಿಡದಲ್ಲಿ ಬೇಸಗೆಗೆ ಕೆಂಪು ನುಸಿ, ಬಿಳಿ ನುಸಿ ಎರಡೂ ಬರುತ್ತವೆ. ಕೆಂಪು ನುಸಿಯನ್ನು ಜಗತ್ತು ಮೊದಲು ಗುರುತಿಸಿದ್ದು 1924ರಲ್ಲಿ, ಕೊಯಮತ್ತೂರಿನ ತೆಂಗಿನ ಎಲೆಯಲ್ಲಿ. ಈಗ ಅದು ಕೆರಿಬಿಯನ್ ದ್ವೀಪಗಳನ್ನೂ ಕಾಡುತ್ತಿದೆ. ಸಸಿಗಳು ಕೈಗೆ ಸಿಗುವ ಎತ್ತರದಲ್ಲಿ ಇರುವುದರಿಂದ ಮೇಲಿನ ಕ್ರಮವೇ ಸಾಕು. ಮೊದಲು ಸಸಿಗಳಿಗೆ ನೆರಳು ಸರಿ ಮಾಡಿ. ಬಿಸಿಲಿಗೆ ಒಡ್ಡಿದ ಮಡಿಯಲ್ಲಿ ನುಸಿ ಮತ್ತೆ ಮತ್ತೆ ಬರುತ್ತದೆ.

ತೆಂಗಿನಕಾಯಿಯ ನುಸಿಗೆ ಮಾತ್ರ ಸುಗಂಧ ತೈಲವನ್ನು ನಂಬಿ ಕೂರಬೇಡಿ. ಎಳೆ ಕಾಯಿಯ ತೊಟ್ಟಿನ ಅಡಿಯಿಂದ ಮೂರು ಮೂಲೆಯ ಬಿಳಿಚು ಮಚ್ಚೆ ಶುರುವಾಗಿ, ಆಮೇಲೆ ಕಂದಾಗಿ ಬಿರಿಯುವ ಪೀಡೆ ಅದು. ನಮ್ಮ ದೇಶದಲ್ಲಿ 1998ರಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಕಂಡಿತು. ಈ ನುಸಿ ತೊಟ್ಟಿನ ಪದರಗಳ ಒಳಗೆ ಬಿಗಿಯಾಗಿ ಕೂತಿರುತ್ತದೆ. ಬೇಗ ಹಾರಿ ಹೋಗುವ ಎಣ್ಣೆ ಅಲ್ಲಿಗೆ ತಲುಪುವುದು ಕಷ್ಟ.

ಇದಕ್ಕೆ ಪಳಗಿದ ದಾರಿ ಬೇವಿನ ಎಣ್ಣೆ ಬೆಳ್ಳುಳ್ಳಿ ಮಿಶ್ರಣ. 10 ಲೀಟರಿಗೆ 200 ಎಂ.ಎಲ್. ಬೇವಿನ ಎಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50 ಗ್ರಾಂ ಬಾರ್ ಸೋಪು. ಅರ್ಧ ಲೀಟರ್ ನೀರಿನಲ್ಲಿ ಕರಗಿಸಿದ ಸೋಪನ್ನು ಬೇವಿನ ಎಣ್ಣೆಗೆ ನಿಧಾನ ಸುರಿಯುತ್ತಾ ಜೋರಾಗಿ ಕಲಸಿ. ಬೆಳ್ಳುಳ್ಳಿ ಅರೆದು 300 ಎಂ.ಎಲ್. ನೀರಿನಲ್ಲಿ ಸೋಸಿದ ರಸ ಸೇರಿಸಿ, ಆಮೇಲೆ ಉಳಿದ ನೀರು ಬೆರೆಸಿ. ಹಿಂಗಾರ ಫಲ ಕಚ್ಚಿದ ಮೇಲಿನ ಎಳೆಯ ಐದು ಗೊನೆಗಳಿಗೆ, ತೊಟ್ಟು ನೆನೆಯುವಂತೆ ಬಿಡಬೇಕು. ಡಿಸೆಂಬರ್–ಫೆಬ್ರವರಿ, ಏಪ್ರಿಲ್–ಜೂನ್, ಸೆಪ್ಟೆಂಬರ್–ಅಕ್ಟೋಬರ್, ಹೀಗೆ ವರ್ಷಕ್ಕೆ ಮೂರು ಸಲ. ಮರ ಹತ್ತುವವರು ಸಿಗದಿದ್ದರೆ ಬೇರಿನ ಮೂಲಕ ಬೇವಿನ ಮದ್ದು ಕುಡಿಸುವ ಕ್ರಮವೂ ಇದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ಕೇಳಿದರೆ ಅದನ್ನು ಹೇಳಿಕೊಡುತ್ತಾರೆ.

ಉಳಿದ ಎಣ್ಣೆ

ಜೂನ್‌ನಲ್ಲಿ ಮಳೆ ಹಿಡಿದರೆ ತರಕಾರಿಯ ಬಲೆ ನುಸಿ ತಾನಾಗಿ ಇಳಿಯುತ್ತದೆ, ಎಣ್ಣೆ ಉಳಿಯುತ್ತದೆ. ಅದನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಸುರಿಯಬೇಡಿ, ಡಬ್ಬ ಮೆತ್ತಗಾಗುತ್ತದೆ. ಪಂಪಿನ ರಬ್ಬರಿಗೂ ಅದೇ ಗತಿ, ಹಾಗಾಗಿ ಕೆಲಸ ಮುಗಿದ ಕೂಡಲೇ ಸೋಪು ನೀರಿನಲ್ಲಿ ತೊಳೆದಿಡಿ. ಎಣ್ಣೆಯನ್ನು ಬಣ್ಣದ ಗಾಜಿನ ಬಾಟ್ಲಿಯಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು, ತೆರೆದ ತಿಂಗಳು ಬರೆದು, ಮಕ್ಕಳಿಗೆ ಎಟುಕದ ತಂಪು ಜಾಗದಲ್ಲಿ ಇಡಿ. ಮುಂದಿನ ವರ್ಷ ತೆಗೆದಾಗ ವಾಸನೆ ಹುಳಿಯಾಗಿದ್ದರೆ, ಎಣ್ಣೆ ದಪ್ಪವಾಗಿದ್ದರೆ ಬಳಸಬೇಡಿ. ಚೆನ್ನಾಗಿದೆ ಅನಿಸಿದರೂ ನಾಲ್ಕು ಎಲೆಯ ಪರೀಕ್ಷೆ ಮತ್ತೆ ಮಾಡಿಯೇ ಬಿಡಿ.